ಕಿತ್ತಳೆ ಬಣ್ಣದ ಪಟ್ಟಿ

"ಪರವಾಗಿಲ್ಲ" ಎಂದುಬಿಟ್ಟಿದ್ದಳು. ಗದ್ದಕ್ಕೆ ಕರವಸ್ತ್ರ ಒತ್ತಿ ಹಿಡಿದುಕೊಂಡು ಬಂದ ಆ ಹುಡುಗಿ, "ಸಾರಿ ಅಕ್ಕ, ನಾನು ದಾರಿ ಬಿಡಬೇಕಿತ್ತು" ಎಂದಾಗ ಹಿಂದುಮುಂದು ನೋಡದೆ ಇವಳ ಬಾಯಿಂದ ಬಂದದ್ದು ಅದೊಂದೇ ಮಾತು. ಬರೀ ಮಾತಾಗಿದ್ದರೆ ಹೇಗೋ ಆಗುತ್ತಿತ್ತು, ಜೊತೆಗೊಂದು ನಗೆ ಬೇರೆ. ಚಿಕ್ಕವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವಾಗ ದೊಡ್ಡವರ ಮುಖದಲ್ಲಿ ಬರುತ್ತದಲ್ಲ, ಅಂಥ ನಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎಲ್ಲಿಗೆ ಹೋಯಿತು? ಆಡಿ ಇಷ್ಟು ಹೊತ್ತಾದರೂ ಅದು ಅಂಗುಳಿಗೆ ಅಂಟಿಕೊಂಡು ಕೂತಿತ್ತು, ನೀರು ಕುಡಿದರೂ ಇಳಿಯಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ, ಒದ್ದೆ ರಬ್ಬರ್ ಹಾಸಿನ ಮೇಲೆ ಬರೀ ಕಾಲುಚೀಲದಲ್ಲಿ ನಿಂತು ಅವಳು ಗೋಡೆಗೆ ಮುಖ ಮಾಡಿದ್ದಳು. ಬೆನ್ನ ಹಿಂದೆ ಚಿಕ್ಕಮ್ಮ ಬೆಂಚಿನ ಮೇಲೆ ಮಂಡಿಯೂರಿ, ಬೆಳಗಿನ ಡಿಕ್ಕಿಯಲ್ಲಿ ಕಿತ್ತುಹೋದ, ಅವಳ ಸ್ಕೇಟಿಂಗ್ ಬಟ್ಟೆಯ ಕೊಕ್ಕೆಯನ್ನು ಮತ್ತೆ ಹೊಲಿಯುತ್ತಿದ್ದಳು. ಬಟ್ಟೆ ಮೈಮೇಲಿದ್ದಂತೆಯೇ ಹೊಲಿಯುವುದು ಚಿಕ್ಕಮ್ಮನ ರೂಢಿ. ಬಿಚ್ಚಿ ಕೊಡುವಷ್ಟು ಹೊತ್ತು ಇವರ ಬಳಿ ಎಂದೂ ಇದ್ದದ್ದಿಲ್ಲ.

"ಅಲ್ಲಾಡಬೇಡ ಕಣೇ ಬುಗುರಿ. ಸೂಜಿ ಚುಚ್ಚಿದ್ರೆ ಆಮೇಲೆ ನನ್ನ ಅನ್ನಬೇಡ."

ಬುಗುರಿ ಎಂದು ಹೆಸರಿಟ್ಟವಳೂ ಚಿಕ್ಕಮ್ಮನೇ. ಆರು ವರ್ಷದವಳಿದ್ದಾಗ ಅಡುಗೆಮನೆಯ ನುಣುಪು ನೆಲದ ಮೇಲೆ ಕಾಲುಚೀಲದಲ್ಲಿ ಗಿರಗಿರನೆ ತಿರುಗಿ, ಹಾಲಿನ ಪಾತ್ರೆಯ ಸಮೇತ ಬಿದ್ದ ದಿನದಿಂದ ಮನೆಯವರ ಬಾಯಲ್ಲಿ ನಿಜವಾದ ಹೆಸರು ಬಂದದ್ದೇ ಅಪರೂಪ. ಕಾಲೇಜಿನ ತಂಡದವರೂ ಅದನ್ನೇ ಹಿಡಿದುಕೊಂಡರು. ಅಮ್ಮನಿಗೆ ಕೆಲಸದಲ್ಲಿ ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಬೆಳಗಿನ ಚಳಿಯಲ್ಲಿ ಅಭ್ಯಾಸಕ್ಕೆ ಕರೆದೊಯ್ದವಳು, ಬಟ್ಟೆ ಹೊಲಿದವಳು, ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಊರೂರಿಗೆ ಜೊತೆಯಲ್ಲಿ ಬಂದವಳು ಚಿಕ್ಕಮ್ಮ. ಐಸಿನ ಮೇಲೆ ಒಂದು ದಿನವೂ ಕಾಲಿಟ್ಟವಳಲ್ಲ. ಇಷ್ಟು ವರ್ಷ ನೋಡಿಯೂ ಒಂದು ಜಂಪಿನ ಹೆಸರು ಕಲಿತವಳಲ್ಲ. ಅವಳ ಪಾಲಿಗೆ ಎಗರೋದು, ತಿರುಗೋದು, ಬೀಳೋದು, ಅಷ್ಟೇ. ಬೀಳೋದರ ಬಗ್ಗೆ ಮಾತ್ರ ಚೆನ್ನಾಗಿ ತಿಳಿದುಕೊಂಡಿದ್ದಳು, ಯಾಕೆಂದರೆ ಪ್ರತಿ ಸಲ ಬಿದ್ದಾಗಲೂ ಎಲ್ಲಿ ಹೊಲಿಗೆ ಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಇದು ಕಾಲೇಜು ಕಾಲೇಜುಗಳ ನಡುವಿನ ಐಸ್ ಸ್ಕೇಟಿಂಗ್ ಸ್ಪರ್ಧೆ. ಮಧ್ಯಾಹ್ನ ಶುರು. ಬೆಳಿಗ್ಗೆ ಎಲ್ಲ ತಂಡದವರಿಗೂ ಒಟ್ಟಿಗೆ ಅಭ್ಯಾಸಕ್ಕೆಂದು ಐಸ್ ಬಿಟ್ಟಿದ್ದರು. ಅಂಥ ಅಭ್ಯಾಸಕ್ಕೆ ಒಂದು ಕಟ್ಟುಪಾಡು ಇದೆ. ಒಬ್ಬೊಬ್ಬರ ಹಾಡನ್ನೂ ಸರದಿಯಂತೆ ಹಾಕುತ್ತಾರೆ. ಯಾರ ಹಾಡು ಬರುತ್ತಿದೆಯೋ ಅವರು ಸೊಂಟಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿ ಕಟ್ಟಿದವರಿಗೆ ಮಿಕ್ಕವರೆಲ್ಲ ದಾರಿ ಬಿಡಬೇಕು. ಪಟ್ಟಿ ಕಟ್ಟಿದವರೂ ಒಂದು ಮಾಡಬೇಕು. ಬೆನ್ನು ಮುಂದಾಗಿ ಮೂಲೆಯ ಕಡೆ ಹೋಗುವ ಮುಂಚೆ ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಿ, ಯಾರಾದರೂ ಅಡ್ಡ ಇದ್ದರೆ "ದಾರಿ!" ಎಂದು ಕೂಗಬೇಕು. ಅದನ್ನು ಎಲ್ಲಿಯೂ ಬರೆದಿರುವುದಿಲ್ಲ. ಚಿಕ್ಕಂದಿನಲ್ಲಿ ಜಾರಲು ಕಲಿಸುವವರು ಮೊದಲು ಕಲಿಸುವುದು ಬೀಳುವುದನ್ನು, ಆಮೇಲೆ ಈ ಕೂಗನ್ನು. ಅವಳಿಗೆ ಅದು ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಒಮ್ಮೆ ಕಾಲೇಜಿನ ಕಾರಿಡಾರಿನಲ್ಲಿ ಪುಸ್ತಕ ಹೊತ್ತುಕೊಂಡು ಹಿಂದೆ ಸರಿಯುವಾಗ ತನಗರಿವಿಲ್ಲದೆ "ದಾರಿ!" ಎಂದು ಕೂಗಿದ್ದಕ್ಕೆ ಪ್ರಿನ್ಸಿಪಾಲರೇ ಗೋಡೆಗೆ ಒರಗಿ ನಿಂತುಬಿಟ್ಟಿದ್ದರು. ತಂಡದವರು ಆ ಕಥೆ ಹೇಳಿಕೊಂಡು ಒಂದು ವರ್ಷ ನಕ್ಕಿದ್ದರು. ಅಂಥವಳು ಈ ಬೆಳಿಗ್ಗೆ ಕೂಗಲಿಲ್ಲ.

ನೋಡಿದ್ದಳು. ವಿಷಯ ಇರುವುದೇ ಅಲ್ಲಿ. ಹಿಮ್ಮುಖವಾಗಿ ಬಂದವಳಿಗೆ ಕಾಣುವುದು ಹೇಗೆ ಎಂದು ಎಲ್ಲರೂ ಅಂದುಕೊಂಡರು, ಹಾಗೇ ಅಂದುಕೊಳ್ಳಲಿ ಎಂದು ಅವಳೂ ಬಿಟ್ಟಳು. ಲುಟ್ಜ್ ಎಂಬ ಜಂಪಿಗೆ ಬೆನ್ನು ಮುಂದಾಗಿ ಉದ್ದಕ್ಕೂ ಜಾರಿಕೊಂಡು ರಿಂಕಿನ, ಅಂದರೆ ಆ ಐಸಿನ ಅಂಗಳದ, ಮೂಲೆ ಸೇರಬೇಕು. ಅಲ್ಲಿ ಬ್ಲೇಡಿನ ಮುಂದಿನ ಹಲ್ಲನ್ನು ಐಸಿಗೆ ಚುಚ್ಚಿ ಮೇಲೇಳಬೇಕು, ಗಾಳಿಯಲ್ಲಿ ಎರಡು ಸುತ್ತು. ಆ ಜಂಪ್ ಕೆಲವು ವಾರಗಳಿಂದ ಅವಳಿಗೆ ಕೈಕೊಟ್ಟಿತ್ತು. ಕಾಲಿಗೆ ನೋವಿಲ್ಲ, ಸೊಂಟಕ್ಕೆ ನೋವಿಲ್ಲ. ಮೂಲೆ ಹತ್ತಿರವಾದಂತೆ ಎದೆಯೊಳಗಿಂದ ಬೇಡ, ಬೇಡ ಎಂದು ಯಾರೋ ಹೇಳಿದ ಹಾಗಾಗಿ ಕಾಲು ನಿಂತುಬಿಡುತ್ತಿತ್ತು. ಬೆಳಿಗ್ಗೆ ಪಟ್ಟಿ ಕಟ್ಟಿಕೊಂಡು ಆ ಮೂಲೆಗೆ ಹೋಗುತ್ತ ತಿರುಗಿ ನೋಡಿದಾಗ ಅಲ್ಲಿ ಹಳದಿ ಕೈಗವಸು ಕಂಡಿತು. ಬೇರೆ ಕಾಲೇಜಿನ ಒಬ್ಬ ಹುಡುಗಿ ಎರಡೂ ಕೈ ಅಗಲಿಸಿಕೊಂಡು, ಹೊಸದಾಗಿ ಕಲಿತವರ ಎಚ್ಚರದಲ್ಲಿ, ತನ್ನ ಪಾಡಿಗೆ ತಾನು ಒಂಟಿ ಕಾಲಿನ ಮೇಲೆ ಚಿಕ್ಕ ಸುತ್ತು ಹಾಕುತ್ತಿದ್ದಳು. ಕಣ್ಣಿಗೆ ಕಣ್ಣು ಕೂಡಿತು. ಮೊದಲು ಆದದ್ದು ಖುಷಿ. ಸದ್ಯ, ಯಾರೋ ಅಡ್ಡ ಇದ್ದಾರೆ, ಜಂಪ್ ಬಿಡಬಹುದು, ಯಾರೂ ಏನೂ ಅನ್ನುವ ಹಾಗಿಲ್ಲ. ಅಷ್ಟರಲ್ಲಿ ಐಸಿನ ಸುತ್ತಲಿನ ಹಲಗೆಗೋಡೆಯ ಆಚೆಯಿಂದ ತಂಡದ ಕ್ಯಾಪ್ಟನ್, "ಇವತ್ತಾದ್ರೂ ಎಗರೇ!" ಎಂದು ಕಿರುಚಿದಳು. ಆ 'ಇವತ್ತಾದ್ರೂ' ಎಂಬ ಮಾತು ಮುಖಕ್ಕೆ ಬಡಿಯಿತು. ಖುಷಿ ಹೋಗಿ ಸಿಟ್ಟು ಬಂತು. ಪಟ್ಟಿ ನನ್ನದು, ಹಾಡು ನನ್ನದು, ನಾನ್ಯಾಕೆ ಸರಿಯಬೇಕು, ನಾನ್ಯಾಕೆ ಕೂಗಬೇಕು, ಅವಳಿಗೇನು ಕಣ್ಣಿಲ್ಲವೆ? ಮುಖ ಈ ಕಡೆ ತಿರುಗಿಸಿಕೊಂಡು ಹಾಗೇ ಹೋದಳು. ಭುಜಕ್ಕೆ ಏನೋ ಮೆತ್ತಗೆ ತಾಗಿತು. ಆಮೇಲೆ ಐಸಿನ ಮೇಲೆ ಗದ್ದ ಬಡಿದ ಸದ್ದು.

ಜಂಪ್ ಮಾಡಬೇಕಾಗಿ ಬರಲಿಲ್ಲ. ಬಿದ್ದ ಹುಡುಗಿಯ ಪಕ್ಕದಲ್ಲಿ ಮಂಡಿಯೂರಿ ಕೂತಾಗಲೂ ತಲೆಯ ಒಂದು ಮೂಲೆಯಲ್ಲಿ ಆ ಸಮಾಧಾನ ಇತ್ತು. ಆ ಹುಡುಗಿಯ ಕೋಚ್ ಓಡಿ ಬಂದಿದ್ದರು. ಕುತ್ತಿಗೆಯಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುತ್ತಿದ್ದುದರಿಂದ ಚಿಕ್ಕಮ್ಮ ಬೆಳಿಗ್ಗೆಯೇ ಅವರಿಗೆ ಸೀಟಿ ಮೇಷ್ಟ್ರು ಎಂದು ಹೆಸರಿಟ್ಟಾಗಿತ್ತು. ಮೇಷ್ಟ್ರು ಹುಡುಗಿಯ ಗದ್ದಕ್ಕೆ ಕರವಸ್ತ್ರ ಒತ್ತುತ್ತಲೇ ಬೈದರು. "ಪಟ್ಟಿ ಕಾಣಿಸ್ಲಿಲ್ವಾ ನಿಂಗೆ? ಹಿಂದೆ ಹಿಂದೆ ಬರೋರಿಗೆ ಬೆನ್ನಲ್ಲಿ ಕಣ್ಣಿರುತ್ತಾ? ಹೋಗಿ ಸಾರಿ ಕೇಳು." ಹುಡುಗಿ ಬಂದಳು, ಕೇಳಿದಳು. ಇವಳು ಪರವಾಗಿಲ್ಲ ಎಂದಳು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಕೋತಿ ಅದರ ಮೇಲೆ ಮೇಕೆಯನ್ನು ಕ್ಷಮಿಸಿತು.

"ನಂಗೊಂದು ಅರ್ಥ ಆಗ್ಲಿಲ್ಲ ನೋಡು," ಎಂದಳು ಚಿಕ್ಕಮ್ಮ ದಾರ ಎಳೆಯುತ್ತ. "ಮನೇಲಿ ಒಂದು ಜಿರಳೆ ಕಂಡ್ರೆ ಮೂರು ಬೀದಿಗೆ ಕೇಳೋ ಹಾಗೆ ಕಿರುಚ್ತೀಯ. ಬೆಳಿಗ್ಗೆ ಯಾಕೆ ಬಾಯಿ ಬಿಡ್ಲಿಲ್ಲ?"

"ಕಾಣಿಸ್ಲಿಲ್ಲ ಚಿಕ್ಕಮ್ಮ."

"ಹೌದಾ? ಕತ್ತು ತಿರುಗಿಸ್ದೆಯಲ್ಲ."

"ತಿರುಗಿಸಿದ್ರೆ ಎಲ್ಲಾ ಕಾಣಿಸುತ್ತಾ?"

"ನಂಗೇನು ಗೊತ್ತಮ್ಮ. ನಾನು ಸೂಜಿ ಹಿಡಿಯೋಳು." ಚಿಕ್ಕಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿ, ಅವಳ ಬೆನ್ನಿನ ಮೇಲೊಮ್ಮೆ ತಟ್ಟಿದಳು. ತಟ್ಟಿದ್ದು ಕೆಲಸ ಮುಗಿಯಿತು ಎನ್ನಲೋ ಮತ್ತೇನಕ್ಕೋ ತಿಳಿಯಲಿಲ್ಲ. ಕೇಳೋಣವೆಂದರೆ ಕೇಳುವ ಧೈರ್ಯವೂ ಇಲ್ಲ. ಚಿಕ್ಕಮ್ಮ ಒಂದು ಮಾತನ್ನು ಎರಡು ಸಲ ಕೇಳುವವಳಲ್ಲ, ಬುಗುರಿಗೆ ಅದೇ ದೊಡ್ಡ ಹೆದರಿಕೆ. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದು ಬೆಕ್ಕಿನ ಮೇಲೆ ಹೇಳಿದ್ದಕ್ಕೆ ಚಿಕ್ಕಮ್ಮ "ಹೌದಾ?" ಎಂದಷ್ಟೇ ಹೇಳಿ ಚೂರು ಗುಡಿಸಿದ್ದಳು. ಮೂರನೇ ದಿನ ತಾನೇ ಹೋಗಿ ಅತ್ತುಕೊಂಡು ನಿಜ ಹೇಳಿದಾಗ, ಬೆಕ್ಕಿಗೆ ಹೋಗಿ ಹೇಳು, ನಂಗ್ಯಾಕೆ ಹೇಳ್ತೀಯ, ಎಂದಿದ್ದಳು. ಹೇಳಿಯೂ ಬಂದಿದ್ದಳು. ಬೆಕ್ಕು ತಿರುಗಿಯೂ ನೋಡಿರಲಿಲ್ಲ.

ಬಾಗಿಲು ಅರ್ಧ ತೆರೆದು ಹಳದಿ ಕೈಗವಸಿನ ಹುಡುಗಿಯೇ ನಿಂತಿದ್ದಳು. ಗದ್ದದ ಮೇಲೆ ಬಿಳಿ ಪ್ಲಾಸ್ಟರು, ಕೈಯಲ್ಲಿ ತಿಳಿನೀಲಿ ಬಣ್ಣದ ಸ್ಕೇಟಿಂಗ್ ಬಟ್ಟೆ. "ಹೊಲಿಯೋ ಆಂಟಿ ಇಲ್ಲಿದ್ದಾರೆ ಅಂದ್ರು," ಎಂದಳು. ಬಟ್ಟೆಯ ಕುತ್ತಿಗೆಯ ಬಳಿ ರಕ್ತದ ಹನಿಗಳು ಆಗಲೇ ಕಂದಾಗುತ್ತಿದ್ದವು.

"ತಾ ಇಲ್ಲಿ. ನೀರಿಗೆ ಹಾಕಿಲ್ಲ ತಾನೇ? ಪುಣ್ಯ. ರಕ್ತಕ್ಕೆ ಸೋಪು ಗೀಪು ಬೇಡ. ಯಾರ ರಕ್ತವೋ ಅವರ ಉಗುಳೇ ಆಗಬೇಕು." ಚಿಕ್ಕಮ್ಮ ಒಂದು ಮೊಳ ಬಿಳಿ ದಾರ ಕತ್ತರಿಸಿ ಉಂಡೆ ಮಾಡಿ ಹುಡುಗಿಯ ಕೈಗೆ ಕೊಟ್ಟಳು. "ಬಾಯಲ್ಲಿಟ್ಟು ಚೆನ್ನಾಗಿ ಅಗಿ. ನಾಚಿಕೋಬೇಡ, ದಿನಾ ಸೂಜಿ ಚುಚ್ಚಿಸ್ಕೊಳ್ಳೋರು ನಾವೆಲ್ಲ ಹೀಗೇ ಮಾಡೋದು."

ಹುಡುಗಿ ದಾರ ಅಗಿಯುತ್ತ ಬೆಂಚಿನ ತುದಿಯಲ್ಲಿ ಕೂತಳು. ಗದ್ದ ನೋಯುತ್ತಿರಬೇಕು, ಒಂದೇ ದವಡೆಯಲ್ಲಿ ನಿಧಾನಕ್ಕೆ ಅಗಿಯುತ್ತಿದ್ದಳು. ಬುಗುರಿ ಅವಳ ಕಡೆ ನೋಡದೆ ಸ್ಕೇಟ್ಸಿನ ಲೇಸು ಕಟ್ಟಲು ಕೂತಳು. ಕಟ್ಟಿದ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಚಿಕ್ಕಮ್ಮ ಮಾತಿಗೆ ಎಳೆದಳು, ಹುಡುಗಿ ದಾರದ ಉಂಡೆಯನ್ನು ಕೆನ್ನೆಯೊಳಗೆ ಸರಿಸಿಕೊಂಡು ಉತ್ತರ ಕೊಟ್ಟಳು. ಕಾಲೇಜು ಸೇರಿದ ಮೇಲೆ ಕಲಿತದ್ದಂತೆ. ಏಳು ವರ್ಷದ ಮಕ್ಕಳ ಜೊತೆ ಒಂದೇ ಬ್ಯಾಚಿನಲ್ಲಿ. ಅವರೆಲ್ಲ ಅವಳನ್ನು ಅಜ್ಜಿ ಎಂದು ಕರೆಯುತ್ತಿದ್ದರಂತೆ. "ಅಜ್ಜಿ ಬಿದ್ಲು, ಅಜ್ಜಿ ಬಿದ್ಲು ಅಂತ ಸುತ್ತಲೂ ಬಂದು ಎಬ್ಬಿಸ್ತಿದ್ರು ಆಂಟಿ," ಎಂದು ನಗಲು ಹೋಗಿ ಗದ್ದ ಹಿಡಿದುಕೊಂಡಳು. ಇದೇ ಅವಳ ಮೊದಲ ಸ್ಪರ್ಧೆ. ಕೆಳಗಿನ ದರ್ಜೆ. ಒಂದು ಸುತ್ತಿನ ಜಂಪು, ನಿಂತಲ್ಲೇ ಎರಡು ಸಲ ತಿರುಗುವುದು, ಅಷ್ಟೇ.

"ಮಧ್ಯಾಹ್ನದೊಳಗೆ ಒಣಗುತ್ತೆ ಬಿಡು. ಹಾಕ್ಕೊಂಡು ಹೋಗು ರಾಣಿ ಹಾಗೆ."

"ಇಲ್ಲ ಆಂಟಿ. ಇದು ನಂದಲ್ಲ, ಸೀನಿಯರ್ ಅಕ್ಕಂದು. ಕಲೆ ಇಲ್ದೆ ವಾಪಸ್ ಕೊಡಬೇಕು, ಅದಕ್ಕೆ ತಂದೆ. ನಾನು ಇವತ್ತು ಐಸಿಗೆ ಇಳಿಯಲ್ಲ."

"ಯಾಕೆ?"

"ಸರ್ ಬೇಡ ಅಂದ್ರು. ಪಟ್ಟಿ ನೋಡಿ ಸರಿಯೋಕೆ ಬರದೋಳು ಸ್ಪರ್ಧೆಗೆ ಮುಂಚಿನ ವಾರ್ಮಪ್‌ನಲ್ಲಿ ಅಷ್ಟು ಜನರ ಮಧ್ಯೆ ಹೋದ್ರೆ ಇನ್ನೊಬ್ರಿಗೆ ಪೆಟ್ಟು ಮಾಡ್ತಾಳೆ ಅಂತ."

ಚಿಕ್ಕಮ್ಮ, ಹುಡುಗಿ ಬಾಯಿಂದ ತೆಗೆದುಕೊಟ್ಟ ಒದ್ದೆ ದಾರದಿಂದ ಕಲೆಯನ್ನು ತಿಕ್ಕತೊಡಗಿದಳು. ಬುಗುರಿ ಲೇಸು ಬಿಟ್ಟು ತಲೆಯೆತ್ತಿದಳು. ಈಗ ಹೇಳಬೇಕು. ನಾನು ನಿನ್ನ ನೋಡಿದ್ದೆ, ಬೇಕಂತಲೇ ಕೂಗಲಿಲ್ಲ, ಎಂದು ಹೇಳಿದರೆ ಮುಗಿಯಿತು, ನಾಲ್ಕು ಮಾತು. ಬಾಯಿ ತೆರೆದಳು. "ನೋವಿದೆಯಾ?" ಎಂದು ಕೇಳಿದಳು. ಥೂ, ಎಂಥ ನಾಲಿಗೆ ಇದು.

"ಇಲ್ಲ ಅಕ್ಕ," ಎಂದಳು ಹುಡುಗಿ. ಹಾಗೆನ್ನುವಾಗ ಬುಗುರಿಯ ಮುಖವನ್ನು ನೇರ ನೋಡಿದಳು. ಬೆಳಿಗ್ಗೆ ಮೂಲೆಯಲ್ಲಿ ನೋಡಿದ್ದು ಇದೇ ಕಣ್ಣು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಏನನ್ನೋ ಕಾಯುತ್ತಿದ್ದ ಹಾಗಿತ್ತು. ಸ್ವಲ್ಪ ಕಾದು, ಕೆಳಗೆ ನೋಡಿ, ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಂಡು ಸರಿಮಾಡಿದಳು. ಕಲೆ ಪೂರ್ತಿ ಹೋಗಿತ್ತು. ಅವಳು ಬಟ್ಟೆ ಎತ್ತಿಕೊಂಡು ಚಿಕ್ಕಮ್ಮನಿಗೆ ನಮಸ್ಕಾರ ಹೇಳಿ ಹೊರಟಳು.

ಬುಗುರಿ ಎದ್ದದ್ದು ಆಮೇಲೆ. ಬ್ಲೇಡಿಗೆ ಕವರು ಹಾಕಿಕೊಂಡು ರಬ್ಬರು ಹಾಸಿನ ಮೇಲೆ ಟಪಟಪ ಸದ್ದು ಮಾಡುತ್ತ ಹೋಗಿ, ಮೆಟ್ಟಿಲ ಮೇಲೆ ಕೂತಿದ್ದ ತನ್ನ ಕೋಚ್ ಮೇಡಂ ಮುಂದೆ ನಿಂತಳು. ಪಕ್ಕದಲ್ಲಿ ಕ್ಯಾಪ್ಟನ್, ಯಾರು ಎಷ್ಟನೆಯವರಾಗಿ ಬಂದರೆ ಕಾಲೇಜಿಗೆ ಯಾವ ಸ್ಥಾನ ಎಂದು ಬೆರಳು ಮಡಚುತ್ತಿದ್ದಳು. ಅವಳ ಬೆರಳುಗಳಲ್ಲಿ ಒಂದು ಬುಗುರಿಯದು.

"ಮೇಡಂ, ಬೆಳಿಗ್ಗೆ ಆದದ್ದು ನನ್ನ ತಪ್ಪು."

"ಪಟ್ಟಿ ನಿನ್ನ ಸೊಂಟದಲ್ಲಿತ್ತಾ ಇಲ್ವಾ?"

"ಇತ್ತು. ಆದ್ರೆ ನಾನು ಅವಳನ್ನ ನೋಡಿದ್ದೆ."

"ಇತ್ತಲ್ಲ, ಮುಗೀತು." ಮೇಡಂ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಒಳ್ಳೆಯ ಹೆಂಗಸು, ಕೈ ಬೆಚ್ಚಗಿತ್ತು. "ಅರೆಗಳಿಗೆ ತಿರುಗಿದ್ದು ನೋಡಿದ ಹಾಗಾ? ಸ್ಪರ್ಧೆಗೆ ಮುಂಚೆ ತಲೆ ಹೀಗೆ ಇಲ್ಲದ್ದನ್ನೆಲ್ಲ ಹುಟ್ಟಿಸುತ್ತೆ. ನಂಗೂ ಆಗ್ತಿತ್ತು. ಒಂದು ಬಾಳೆಹಣ್ಣು ತಿನ್ನು, ಹೋಗು."

ಬಾಳೆಹಣ್ಣು ಕೈಯಲ್ಲಿ ಹಿಡಿದುಕೊಂಡೇ ಸೀಟಿ ಮೇಷ್ಟ್ರನ್ನು ಹುಡುಕಿದಳು. ಕಾಫಿ ಯಂತ್ರದ ಪಕ್ಕ ಸಿಕ್ಕರು. ಈ ಸಲ ಉಸಿರು ಕಟ್ಟಿ ಎಲ್ಲವನ್ನೂ ಒಂದೇ ಸಮ ಹೇಳಿದಳು. ನೋಡಿದ್ದು, ಕೂಗದೇ ಇದ್ದದ್ದು, ಆ ಹುಡುಗಿಯದು ಏನೂ ತಪ್ಪಿಲ್ಲ ಎಂಬುದು. ಮೇಷ್ಟ್ರು ಬೈಯುತ್ತಾರೆ, ದೂರು ಕೊಡುತ್ತಾರೆ, ತನ್ನನ್ನು ಸ್ಪರ್ಧೆಯಿಂದ ತೆಗೆಯುತ್ತಾರೆ, ಕ್ಯಾಪ್ಟನ್ ಮಡಚಿದ ಒಂದು ಬೆರಳು ಬಿಚ್ಚಿಕೊಳ್ಳುತ್ತದೆ. ಆಗಲಿ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರ ಕಣ್ಣು ತುಂಬಿಕೊಂಡಿತ್ತು.

"ನೋಡಮ್ಮ," ಎಂದರು. "ಈ ಕಾಲದಲ್ಲಿ ಯಾರು ಹೀಗೆ ಬಂದು ಹೇಳ್ತಾರೆ? ತಪ್ಪು ಅವಳದೇ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಆದ್ರೂ ಆ ಹುಡುಗಿ ಇಳೀಲಿ ಅಂತ ನಿನ್ನ ಮೇಲೆ ಹಾಕ್ಕೊಳ್ತಿದ್ದೀಯಲ್ಲ, ಅದು ದೊಡ್ಡತನ."

"ಅಲ್ಲ ಸರ್, ನಿಜವಾಗ್ಲೂ..."

"ಸಾಕು ಸಾಕು, ಅರ್ಥ ಆಯ್ತು." ಅವರು ಸೀಟಿ ಊದಿದರು. ಕಾರಿಡಾರಿನ ತುದಿಯಿಂದ ಆ ಹುಡುಗಿ ಓಡಿ ಬಂದಳು. "ಬಾ ಇಲ್ಲಿ. ಈ ಅಕ್ಕ ಬಂದು ನಿನ್ನ ಪರ ಮಾತಾಡಿದಾಳೆ. ಹೋಗಿ ಬಟ್ಟೆ ಹಾಕ್ಕೋ, ಇಳಿ. ಹೋಗೋ ಮುಂಚೆ ಥ್ಯಾಂಕ್ಸ್ ಹೇಳು."

"ಥ್ಯಾಂಕ್ಸ್," ಎಂದಳು ಹುಡುಗಿ. ಈ ಸಲ ಅಕ್ಕ ಎನ್ನಲಿಲ್ಲ.

ಹೊಂಡ ಮುಚ್ಚಲು ಹೋಗಿ ಇನ್ನಷ್ಟು ತೋಡಿದ ಹಾಗಾಯಿತು. ಬೆಳಿಗ್ಗೆ ಆ ಹುಡುಗಿ ಒಂದು ಸುಳ್ಳು ಸಾರಿ ಹೇಳಬೇಕಾಯಿತು, ಈಗ ಅದರ ಮೇಲೊಂದು ಸುಳ್ಳು ಥ್ಯಾಂಕ್ಸ್. ಎರಡನ್ನೂ ತಾನೇ ವಸೂಲು ಮಾಡಿದ್ದು. ಬುಗುರಿ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಕನ್ನಡಿ ನೋಡಿಕೊಂಡಳು. ಚಿಕ್ಕಮ್ಮ ಮಣಿ ಪೋಣಿಸಿದ ಕುತ್ತಿಗೆ, ಬಿಗಿದು ಕಟ್ಟಿದ ತುರುಬು, ತುಟಿಗೆ ಬಣ್ಣ. ದೊಡ್ಡತನ ಎನ್ನುವುದು ಇಷ್ಟು ಸುಲಭಕ್ಕೆ ಸಿಗುತ್ತದೆಯೆ? ಮಾಡಿದ ತಪ್ಪನ್ನು ಹೇಳಿಕೊಳ್ಳಲು ಹೋದವಳಿಗೆ ಶಾಲು ಹೊದಿಸಿ ಕಳಿಸಿದ್ದರು. ಯಾರೂ ತನ್ನಿಂದ ಅದನ್ನು ಇಸಿದುಕೊಳ್ಳಲು ತಯಾರಿಲ್ಲ. ಸೊಂಟಕ್ಕೆ ಒಂದು ತುಂಡು ಬಟ್ಟೆ ಕಟ್ಟಿಕೊಂಡಿದ್ದರೆ ಸಾಕು, ಏನು ಮಾಡಿದರೂ ಸರಿಯೆ. ಬೆಕ್ಕಿಗೆ ಹೋಗಿ ಹೇಳು, ಎಂದಿದ್ದಳಲ್ಲ ಚಿಕ್ಕಮ್ಮ. ನಲ್ಲಿ ನಿಲ್ಲಿಸಿದಾಗ ಹೊರಗೆ ಧ್ವನಿವರ್ಧಕದಲ್ಲಿ ಅವಳ ಗುಂಪನ್ನು ಕರೆಯುತ್ತಿದ್ದರು.

ಬಂದವರು ಕಡಿಮೆಯಾದ್ದರಿಂದ ಎರಡು ದರ್ಜೆಯವರನ್ನು ಒಂದೇ ವಾರ್ಮಪ್ಪಿನಲ್ಲಿ ಸೇರಿಸಿದ್ದರು. ಐಸನ್ನು ಹೊಸದಾಗಿ ಸವರಿ ನೀರು ಹಾಯಿಸಿದ್ದರಿಂದ ಬೆಳಗಿನದು ಯಾವುದರ ಗುರುತೂ ಇರಲಿಲ್ಲ. ವಾರ್ಮಪ್ಪಿನಲ್ಲಿ ಪಟ್ಟಿ ಇಲ್ಲ, ಯಾರ ಹಾಡೂ ಇಲ್ಲ, ಎಲ್ಲರೂ ಎಲ್ಲರಿಗೂ ದಾರಿ ಬಿಡಬೇಕು. ತಿಳಿನೀಲಿ ಬಟ್ಟೆಯ ಹುಡುಗಿ ಹಲಗೆಗೋಡೆಯ ಪಕ್ಕದಲ್ಲೇ ಸಾಗುತ್ತಿದ್ದಳು. ಬುಗುರಿ ರಿಂಕಿನ ಆಚೆ ತುದಿಯಿಂದ ಬರುವುದು ಕಂಡರೆ ಸಾಕು, ನಿಂತು, ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾದುಹೋಗುವ ತನಕ ಕಾಯುತ್ತಿದ್ದಳು. ಒಮ್ಮೆ ಹಾಗಾಯಿತು, ಎರಡನೇ ಸಲವೂ ಆಯಿತು. ಅವಳಿಗೆ ತನ್ನ ಆ ಒಂದು ಸುತ್ತಿನ ಜಂಪನ್ನು ಒಮ್ಮೆಯೂ ಮಾಡಿ ನೋಡಲು ಆಗಿರಲಿಲ್ಲ. ಬುಗುರಿ ಮೂರನೇ ಸಲ ಆ ಕಡೆ ಹೋಗಲಿಲ್ಲ. ಐಸಿನಿಂದ ಆಚೆ ಬಂದು ಗೇಟಿನ ಬಳಿ ನಿಂತಳು. "ಏನೇ ಮಾಡ್ತಿದ್ದೀಯ? ಲುಟ್ಜ್ ನೋಡ್ಕೋ!" ಎಂದು ಕ್ಯಾಪ್ಟನ್ ಹಲ್ಲು ಕಡಿದಳು. ಇವಳು ಲೇಸು ಸಡಿಲವಾಯಿತು ಎಂದು ಬಗ್ಗಿದಳು. ಬಗ್ಗಿಯೇ ನೋಡಿದಳು. ಹುಡುಗಿ ಗೋಡೆ ಬಿಟ್ಟು ನಡುವಿಗೆ ಬಂದು, ಒಂದು ಸುತ್ತು ಹಾರಿ, ಬಿದ್ದು, ಎದ್ದು, ಮತ್ತೆ ಹಾರಿ ನಿಂತಳು.

ಗುಂಪಿನಲ್ಲಿ ಮೊದಲ ಸರದಿ ಬುಗುರಿಯದು, ಆಮೇಲೆ ಆ ಹುಡುಗಿಯದು. ಎಲ್ಲರೂ ಆಚೆ ಹೋದ ಮೇಲೆ ಐಸ್ ವಿಪರೀತ ದೊಡ್ಡದಾಗಿ ಕಂಡಿತು. ಹಾಡು ಶುರುವಾಯಿತು. ಮೊದಲ ಸಲ ತಿರುಗಿದ್ದು ಚೆನ್ನಾಗಿ ಬಂತು, ಮೊದಲ ಜಂಪೂ ಬಂತು, ಎಲ್ಲೋ ಮೇಲಿನ ಸಾಲಿನಿಂದ ಚಿಕ್ಕಮ್ಮನ ಚಪ್ಪಾಳೆ ಕೇಳಿತು. ಚಿಕ್ಕಮ್ಮ ಯಾವಾಗಲೂ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಹಾಡು ಮಂದವಾಗುವ ಕಡೆ ಅವಳು ಬೆನ್ನು ತಿರುಗಿಸಿ ಉದ್ದನೆಯ ಗೆರೆ ಹಿಡಿದು ಮೂಲೆಯ ಕಡೆ ಜಾರತೊಡಗಿದಳು. ಬ್ಲೇಡಿನ ಕೆಳಗೆ ಐಸು ಸರ್ ಎನ್ನುತ್ತಿತ್ತು. ಒಳಗಿನಿಂದ ಬೇಡ ಎಂಬುದು ಬಂತು. ಭುಜದ ಮೇಲಿಂದ ತಿರುಗಿ ನೋಡಿದಳು. ಮೂಲೆಯಲ್ಲಿ ಯಾರೂ ಇರಲಿಲ್ಲ. ರಿಂಕಿನಲ್ಲೇ ಯಾರೂ ಇರಲಿಲ್ಲ. ಆದರೂ ಅಲ್ಲಿ ಎರಡು ಕೈ ಅಗಲಿಸಿಕೊಂಡು ಒಬ್ಬಳು ಸುತ್ತುತ್ತಿದ್ದಳು, ಈಗ ತಲೆಯೆತ್ತುತ್ತಾಳೆ, ಈಗ ಕಣ್ಣು ಕೂಡುತ್ತದೆ. ಬೆಳಗಿನಿಂದ ಅಂಗುಳಿಗೆ ಅಂಟಿಕೊಂಡಿದ್ದದ್ದು ಕಿತ್ತುಕೊಂಡು ಬಂತು.

"ದಾರಿ!"

ಖಾಲಿ ರಿಂಕಿನ ತುಂಬ ಆ ಕೂಗು ಬಡಿದಾಡಿತು. ಹಾಡು ಮಂದವಾಗಿದ್ದ ಜಾಗವಾದ್ದರಿಂದ ತೀರ್ಪುಗಾರರ ಮೇಜಿನ ತನಕ, ಮೇಲಿನ ಸಾಲಿನ ತನಕ ಎಲ್ಲರಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ಒಬ್ಬ ತೀರ್ಪುಗಾರರು ಕನ್ನಡಕ ತೆಗೆದು ನೋಡಿದರು. ಅಷ್ಟು ಹೊತ್ತಿಗೆ ಅವಳ ಕಾಲು ಐಸಿಗೆ ಚುಚ್ಚಿಯಾಗಿತ್ತು. ಹಾರಿದಳು. ಎರಡು ಸುತ್ತು ಆಯಿತು, ಆದರೆ ಇಳಿಯುವಾಗ ವಾಲಿ ಒಂದು ಕೈಯನ್ನು ಐಸಿಗೆ ಊರಿದಳು. ಬಿದ್ದಳು ಎನ್ನುವ ಹಾಗೂ ಇಲ್ಲ, ನಿಂತಳು ಎನ್ನುವ ಹಾಗೂ ಇಲ್ಲ. ಮಿಕ್ಕದ್ದನ್ನು ಹೇಗೆ ಮುಗಿಸಿದಳೋ ಅವಳಿಗೇ ನೆನಪಿಲ್ಲ. ಹಾಡು ನಿಂತಾಗ ಬಗ್ಗಿ ನಮಸ್ಕರಿಸಿದಳು, ಏದುಸಿರು ಬರುತ್ತಿತ್ತು, ನಾಚಿಕೆಯೇನೂ ಆಗಲಿಲ್ಲ.

ಗೇಟಿನ ಬಳಿ ಮುಂದಿನ ಸರದಿಯ ಹುಡುಗಿ ನಿಂತಿದ್ದಳು. ಪಕ್ಕದಲ್ಲಿ ಸೀಟಿ ಮೇಷ್ಟ್ರು. ಐಸಿಗೆ ಇಳಿಯುವವರು ಬ್ಲೇಡಿನ ಕವರುಗಳನ್ನು ಬಿಚ್ಚಿ ತಮ್ಮ ಕೋಚ್ ಕೈಗೆ ಕೊಡುವುದು ಪದ್ಧತಿ. ಮೇಷ್ಟ್ರು ಆಗಲೇ ಕೈ ಚಾಚಿದ್ದರು. ಹುಡುಗಿ ಕವರುಗಳನ್ನು ಬಿಚ್ಚಿ ಹಿಡಿದುಕೊಂಡು, ಮೇಲೆ ಬಂದ ಬುಗುರಿಯ ದಾರಿಗೆ ಅಡ್ಡ ನಿಂತಳು. ಸರಿಯಲಿಲ್ಲ.

"ಬೆಳಿಗ್ಗೆ ನನ್ನ ನೋಡಿದ್ರಿ ಅಲ್ವಾ?"

"ನೋಡಿದೆ."

"ಕೂಗಲಿಲ್ಲ."

"ಕೂಗಲಿಲ್ಲ. ಬೇಕಂತಲೇ." ಎಂದಳು ಬುಗುರಿ. "ತಪ್ಪು ನಂದು. ಸಾರಿ."

"ಏನಮ್ಮ ಇದೆಲ್ಲ, ಹೊತ್ತಾಯ್ತು, ಹೆಸರು ಕರೀತಾರೆ," ಎಂದರು ಮೇಷ್ಟ್ರು. ಹುಡುಗಿ ಅವರ ಕಡೆ ತಿರುಗಲಿಲ್ಲ. ಗದ್ದದ ಪ್ಲಾಸ್ಟರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿಕೊಂಡಳು. ತುಟಿ ಬಿಗಿಯಾಗಿತ್ತು. ಅವಳಿಗೆ ಸಿಟ್ಟಿತ್ತು, ಈಗ ಅದು ಕಾಣುತ್ತಿತ್ತು.

"ಪರವಾಗಿಲ್ಲ ಅಂತ ನಾನು ಹೇಳಲ್ಲ," ಎಂದಳು.

"ಹೇಳಬೇಡ."

"ಹೇಳಲ್ಲ." ಆಮೇಲೆ, ಮೇಷ್ಟ್ರ ಚಾಚಿದ ಕೈಯನ್ನು ದಾಟಿ, ಎರಡೂ ಕವರುಗಳನ್ನು ಬುಗುರಿಯ ಕೈಗೆ ತುರುಕಿದಳು. "ಇದನ್ನ ಹಿಡ್ಕೊಳ್ಳಿ. ನಾನು ವಾಪಸ್ ಬರೋ ತನಕ ಇಲ್ಲಿಂದ ಕದಲಬಾರದು."

ಅವಳು ಹಲಗೆಗೋಡೆ ಬಿಟ್ಟು ಐಸಿನ ಮೇಲೆ ಹೊರಟಳು. ಎರಡೂ ಕೈ ಅಗಲಿಸಿಕೊಂಡು, ಹೊಸದಾಗಿ ಕಲಿತವರ ಎಚ್ಚರದಲ್ಲಿ, ನಡುವಿನ ಕಡೆ. ಮೇಲಿನ ಸಾಲಿನಿಂದ ಚಿಕ್ಕಮ್ಮ ಆಗಲೇ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟತೊಡಗಿದ್ದಳು. ಇನ್ನೊಂದು ಕಡೆಯಿಂದ ಕ್ಯಾಪ್ಟನ್ ಓಡಿ ಬಂದು ಬುಗುರಿಯ ತೋಳು ಹಿಡಿದೆಳೆದಳು. "ಬಾರೇ, ಮಾರ್ಕ್ಸ್ ಹೇಳ್ತಾರೆ, ಆ ಬೆಂಚಲ್ಲಿ ಕೂತ್ಕೋಬೇಕು. ಏನದು ಕೂಗಿದ್ದು ನೀನು? ಬಾ."

"ಬರಲ್ಲ."

"ಅಂದ್ರೆ?"

"ಆಮೇಲೆ ಬರ್ತೀನಿ. ಇವು ಅವಳದು."

ಧ್ವನಿವರ್ಧಕದಲ್ಲಿ ಅವಳ ಹೆಸರು, ಕಾಲೇಜಿನ ಹೆಸರು, ಏನೋ ಅಂಕಗಳು ಬಂದವು. ಅವಳು ಕಿವಿಗೊಡಲಿಲ್ಲ. ಆ ಹುಡುಗಿಯ ಹಾಡು ಶುರುವಾಯಿತು. ಬುಗುರಿ ಗೇಟಿನ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದಳು. ಕವರುಗಳ ಒಳಗಿದ್ದ ತಣ್ಣನೆಯ ನೀರು ಮುಂಗೈ ಮೇಲೆ ಇಳಿದು, ಚಿಕ್ಕಮ್ಮ ಹೊಲಿದ ತೋಳಿನೊಳಕ್ಕೆ ಹರಿಯುತ್ತಿತ್ತು. ಒರೆಸಿಕೊಳ್ಳಬೇಕೆಂದರೆ ಒಂದು ಕೈ ಬಿಡಬೇಕು. ಬಿಡಲಿಲ್ಲ.